ಗಿರಮಿಟ್ ಗಾಡಿ ಮುಂಜಾನೆಗೆ ಹೊರಳಿದ್ದು

"ನಿಮ್ಮ ಮಕ್ಕಳು ಪುಣ್ಯ ಮಾಡ್ಯಾರ ಬಿಡ್ರಿ ಅಕ್ಕಾರ, ದಿನಾ ಕೆರಿ ನೋಡ್ಕೋತ ಬೆಳೀತಾರ."

ಕೆರೆ ದಂಡೆಯ ನಮ್ಮ ಗಾಡಿಯಲ್ಲಿ ಗಿರಮಿಟ್, ಅಂದರೆ ಒಗ್ಗರಣೆ ಕಲಸಿದ ಚುರಮುರಿ, ತಿನ್ನುತ್ತಾ ಯಾರಾದರೂ ಹೀಗೆ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕೈಯಲ್ಲಿ ಝಾರಾ, ಕಿವಿ ಮಾತ್ರ ಗೆಜ್ಜೆಯ ಕಡೆಗೆ. ಸಣ್ಣಾಂವನ ಕಾಲಿಗೆ ನಮ್ಮ ಅತ್ತೆ ಗೆಜ್ಜೆ ಕಟ್ಟಿದ್ದರು. ಚಂದಕ್ಕಲ್ಲ. ಸಪ್ಪಳ ಕೇಳುತ್ತಿದ್ದರೆ ಹುಡುಗ ಇಲ್ಲೇ ಎಲ್ಲೋ ಇದ್ದಾನೆ ಎಂದರ್ಥ. ಸಪ್ಪಳ ನಿಂತರೆ ಗಾಡಿಯಲ್ಲಿದ್ದ ನಾಲ್ಕೂ ಜನ ಒಟ್ಟಿಗೆ ತಲೆ ಎತ್ತುತ್ತಿದ್ದೆವು. ಬಹಳ ಸಲ ಅವನು ಉಳ್ಳಾಗಡ್ಡಿ ಚೀಲದ ಮೇಲೆ ಕೂತು ಸಿಪ್ಪೆ ಸುಲಿಯುತ್ತಿರುತ್ತಿದ್ದ. ಆದರೂ ಆ ಎರಡು ಸೆಕೆಂಡು ಹೊಟ್ಟೆಯಲ್ಲಿ ಏನೋ ಜಾರಿದಂತಾಗುತ್ತಿತ್ತು.

ಉಣಕಲ್ ಕೆರೆ ಹುಬ್ಬಳ್ಳಿ-ಧಾರವಾಡದವರಿಗೆ ಹೊಸದೇನಲ್ಲ. ಸುಮಾರು 200 ಎಕರೆ ನೀರು, ನಡುವೆ ವಿವೇಕಾನಂದರ ಮೂರ್ತಿ, ಬೋಟು, ಮಗ್ಗುಲಲ್ಲೇ ಪಿ.ಬಿ. ರಸ್ತೆ, ಆ ರಸ್ತೆಯ ನಡುವೆ ಭರ್ ಅಂತ ಹೋಗುವ ಚಿಗರಿ ಬಸ್ಸು. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಜನ ಬಂದು ನಿಲ್ಲುತ್ತಾರೆ. ಫೋಟೊ ತೆಗೆದುಕೊಳ್ಳುತ್ತಾರೆ. ಆಮೇಲೆ ಹಸಿವಾಗುತ್ತದೆ. ಆ ಹಸಿವಿನ ಮೇಲೆಯೇ ನಮ್ಮ ಮನೆ ನಡೆದದ್ದು. ಗಾಡಿ ಹಚ್ಚಿದವರು ನಮ್ಮ ಮಾವ. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಅವರದು ಗಿರಮಿಟ್, ಮಿರ್ಚಿ, ಚಹಾ. ಅತ್ತೆಯ ಕೈಯ ಒಗ್ಗರಣೆಗೇ ಗಿರಾಕಿ ಬರುತ್ತಾರೆ ಎಂದು ಮಾವ ಎಲ್ಲರೆದುರೂ ಹೇಳುತ್ತಾರೆ, ಅತ್ತೆಯ ಎದುರು ಮಾತ್ರ ಹೇಳುವುದಿಲ್ಲ.

ನನ್ನ ತವರು ಗದಗ. ಅಲ್ಲಿ ಭೀಷ್ಮ ಕೆರೆ ಇದೆ. ಆದರೆ ಕೆರೆ ಅಂದರೆ ನನಗೆ ರವಿವಾರ ಹೋಗಿ ಬರುವ ಜಾಗ, ದಿನಾ ದುಡಿಯುವ ಜಾಗ ಅಲ್ಲ. ಬಿ.ಕಾಂ ಮುಗಿಸಿ, ಮದುವೆಯಾದ ಮೇಲೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ದೊಡ್ಡಾಕಿ 2019ರಲ್ಲಿ ಹುಟ್ಟಿದಳು, ಸಣ್ಣಾಂವ 2021ರ ಕೊನೆಗೆ. ಎರಡನೇ ಬಾಣಂತನ ಮುಗಿಯುವಷ್ಟರಲ್ಲಿ ಮಾವನ ಮೊಣಕಾಲು ಕೈಕೊಟ್ಟಿತ್ತು. ಗಾಡಿ ನನ್ನ ಗಂಡನ ಪಾಲಿಗೆ ಬಂತು, ನಾನೂ ಕೆಲಸ ಬಿಟ್ಟು ಅವರ ಜೊತೆ ನಿಂತೆ. ಮನೆ ವ್ಯಾಪಾರ ಅಂದರೆ ಮಕ್ಕಳು ಕಣ್ಣೆದುರಿಗೇ ಇರುತ್ತಾರೆ, ಇದಕ್ಕಿಂತ ಏನು ಬೇಕು ಅಂದುಕೊಂಡಿದ್ದೆ. ಮಕ್ಕಳು ಕಣ್ಣೆದುರಿಗೆ ಇದ್ದದ್ದು ನಿಜ. ಕಣ್ಣು ಮಾತ್ರ ಬಾಣಲೆಯಲ್ಲಿ ಇರುತ್ತಿತ್ತು.

ನೀರಿನ ಭಯ ಎಲ್ಲರಿಗೂ ತಿಳಿಯುತ್ತದೆ. ಆದರೆ ನಮ್ಮ ಗಾಡಿಯ ಹತ್ತಿರ ಭಯ ಮೂರು ದಿಕ್ಕಿಗಿತ್ತು. ಒಂದು ಕಡೆ ಕೆರೆ, ಒಂದು ಕಡೆ ರಸ್ತೆ, ನಡುವೆ ಕುದಿಯುವ ಎಣ್ಣೆ. ಮೊದಲ ತಿಂಗಳು ನನ್ನ ಗಂಡ ಗಾಡಿಯ ಸುತ್ತ ಸುಣ್ಣದಿಂದ ಗೆರೆ ಎಳೆದು, "ಇದರ ಆಚೆ ಹೋದ್ರ ಗುಮ್ಮ ಬರ್ತೈತಿ" ಎಂದು ಹೇಳಿದರು. ದೊಡ್ಡಾಕಿ ಗೆರೆಯ ಮೇಲೆಯೇ ನಡೆಯುವ ಆಟ ಶುರು ಮಾಡಿದಳು. ಜೂನ್ ಬಂತು, ಜಿಟಿಜಿಟಿ ಮಳೆಗೆ ಗೆರೆಯೂ ಹೋಯಿತು, ಗುಮ್ಮನೂ ಹೋದ. ಆಮೇಲೆ ಅತ್ತೆಯ ಎರಡು ಹಳೇ ಇಳಕಲ್ ಸೀರೆಗಳನ್ನು ಗಾಡಿಯ ಕಾಲಿನಿಂದ ಬೇವಿನ ಮರಕ್ಕೆ, ಮರದಿಂದ ಸ್ಟೂಲಿನ ಕಾಲಿಗೆ ಬಿಗಿದು ಒಂದು ಕಟಾಂಜನದಂತೆ ಮಾಡಿದೆವು. ಇಳಕಲ್ ಸೀರೆ ಎಷ್ಟು ಗಟ್ಟಿ ಅಂತ ಆಗ ಗೊತ್ತಾಯಿತು. ಅದು ಎರಡು ಮಳೆಗಾಲ ಬಾಳಿತು.

ಹೊರಗಿನವರಿಗೆ ಹೊಳೆಯದ ಒಂದು ಮಾತು ಇದೆ. ಚಿಕ್ಕ ಮಕ್ಕಳಿಗೆ ಕೆರೆಯೇ ಬೇಕಾಗಿಲ್ಲ. ತಟ್ಟೆ ತೊಳೆಯುವ ಬಕೆಟ್ಟಿನಲ್ಲಿ ಗೇಣು ನೀರಿದ್ದರೂ ಸಾಕು, ಮುಗ್ಗರಿಸಿ ಬಿದ್ದ ಕೂಸು ಏಳಲಾರದು, ಕೂಗಲೂ ಆರದು. ಸಿನಿಮಾದಲ್ಲಿ ತೋರಿಸುವಂತೆ ಕೈ ಬಡಿಯುವುದು, ಚೀರುವುದು ಏನೂ ಇರುವುದಿಲ್ಲ. ಇದನ್ನು ನನಗೆ ಹೇಳಿದ್ದು ಬಾಣಂತನದಲ್ಲಿ ಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ. ಅಂದಿನಿಂದ ನಮ್ಮ ಬಕೆಟ್ಟುಗಳು ನೆಲದ ಮೇಲಿಲ್ಲ, ಗಾಡಿಯ ಕೆಳಗಿನ ಹಲಗೆ ಮೇಲೆ.

ನಮ್ಮ ಆಗಿನ ಸಂಜೆಯ ಲೆಕ್ಕ ಕೇಳಿ. ಅಂಗನವಾಡಿ ಬಿಡುವುದು ನಾಲ್ಕಕ್ಕೆ. ಗಾಡಿ ಹಚ್ಚುವುದು ನಾಲ್ಕಕ್ಕೆ. ಮಕ್ಕಳಿಗೆ ಹಸಿವಾಗುವುದು ಆರೂವರೆಗೆ. ರಶ್ ಶುರುವಾಗುವುದು ಆರೂವರೆಗೆ. ಮಕ್ಕಳಿಗೆ ನಿದ್ದೆ ಬರುವುದು ಎಂಟಕ್ಕೆ. ಕಾಲೇಜು ಹುಡುಗರು ಗುಂಪು ಕಟ್ಟಿಕೊಂಡು ಬರುವುದೂ ಎಂಟಕ್ಕೆ. ಒಂಬತ್ತೂವರೆಗೆ ಒಲೆ ಆರಿಸಿ, ಪಾತ್ರೆ ತಿಕ್ಕಿ, ಗಾಡಿ ತಳ್ಳಿಕೊಂಡು ಊರೊಳಗಿನ ಮನೆ ಸೇರುವಷ್ಟರಲ್ಲಿ ಹತ್ತೂವರೆ. ಮಕ್ಕಳು ಚುರಮುರಿ ಚೀಲದ ಮೇಲೆ ಮಲಗಿಬಿಟ್ಟಿರುತ್ತಿದ್ದರು. ಒಬ್ಬಳನ್ನು ನನ್ನ ಗಂಡ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು, ಒಬ್ಬನನ್ನು ನಾನು. ಮನೆಗೆ ಹೋಗಿ ಎಬ್ಬಿಸಿ ಅನ್ನ ತಿನ್ನಿಸುವುದು ಅಂದರೆ ದೊಡ್ಡ ಯುದ್ಧ. ಹಾಗಾಗಿ ಬಹಳ ದಿನ ರಾತ್ರಿ ಊಟ ಅಂದರೆ ಗಿರಮಿಟ್ಟೇ. ನಾಕು ವರ್ಷದ ಹುಡುಗಿಗೆ ರಾತ್ರಿ ಊಟಕ್ಕೆ ಗಿರಮಿಟ್ ಕೊಟ್ಟೆ ಅಂತ ಬರೆಯಲು ಈಗ ನಾಚಿಕೆಯಾಗುತ್ತದೆ. ಆಗ ಆಗುತ್ತಿರಲಿಲ್ಲ, ಯಾಕೆಂದರೆ ಯೋಚಿಸಲು ಹೊತ್ತೇ ಇರಲಿಲ್ಲ.

2023ರ ಜೂನ್‌ನಲ್ಲಿ ಒಂದೇ ವಾರದಲ್ಲಿ ಎರಡು ಘಟನೆ ನಡೆದವು.

ಮೊದಲನೆಯದು ಎಣ್ಣೆ. ಮಿರ್ಚಿ ಮಾಡುವವರಿಗೆ ಗೊತ್ತು, ಮೆಣಸಿನಕಾಯಿಯ ಹೊಟ್ಟೆ ಸೀಳಿಯೇ ಹಿಟ್ಟಿಗೆ ಅದ್ದಬೇಕು. ಸೀಳದಿದ್ದರೆ ಒಳಗಿನ ಗಾಳಿ ಕಾದು ಕಾಯಿ ಪಟಾಕಿಯಂತೆ ಒಡೆಯುತ್ತದೆ. ರಶ್ಶಿನಲ್ಲಿ ಒಂದು ಕಾಯಿ ಹಾಗೇ ಬಾಣಲೆಗೆ ಬಿತ್ತು. ದೊಡ್ಡಾಕಿ ಸೋಡಾ ಬಾಟ್ಲಿಯ ಕ್ರೇಟಿನ ಮೇಲೆ ಹತ್ತಿ ನಿಂತಿದ್ದಳು, ನಾನು ನೋಡಿರಲಿಲ್ಲ. ಟಪ್ ಎಂದಿತು. ಮುಂಗೈ ಮೇಲೆ ಎಣ್ಣೆಯ ಹನಿ. ಪಕ್ಕದ ಗಾಡಿಯ ಪಾನಿಪುರಿ ಅಣ್ಣ ಟೂತ್‌ಪೇಸ್ಟ್ ಹಿಡಿದುಕೊಂಡು ಓಡಿ ಬಂದ. ಗಿರಾಕಿಗಳಲ್ಲಿ ನರ್ಸಿಂಗ್ ಓದುವ ಹುಡುಗಿಯೊಬ್ಬಳು ತಟ್ಟೆ ಇಟ್ಟು ಎದ್ದು ಬಂದಳು. "ಏನೂ ಹಚ್ಚಬ್ಯಾಡ್ರಿ, ಬರೇ ನೀರು. ಇಪ್ಪತ್ತು ನಿಮಿಷ, ಗಡಿಯಾರ ನೋಡಿ" ಎಂದಳು. ಪೇಸ್ಟು, ಇಂಕು, ಬೆಣ್ಣೆ ಹಚ್ಚಿದರೆ ಬಿಸಿ ಒಳಗೇ ಉಳಿಯುತ್ತದಂತೆ. ಮಂಜುಗಡ್ಡೆಯೂ ಬೇಡವಂತೆ. ಡ್ರಮ್ಮಿನಿಂದ ತಂಬಿಗೆ ತಂಬಿಗೆ ತೆಗೆದು ಹುಯ್ದೆ. ಇಪ್ಪತ್ತು ನಿಮಿಷ ಅಷ್ಟು ಉದ್ದ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಒಂಬತ್ತು ಜನ ಗಿರಾಕಿ ಎದ್ದು ಹೋದರು, ಎಣಿಸಿದ್ದು ನಮ್ಮ ಮಾವ. ಈಗ ಅವಳ ಮುಂಗೈ ಮೇಲೆ ಪುಟಾಣಿ ಕಾಳಿನಷ್ಟು ಕಲೆ ಇದೆ, ಅಷ್ಟೇ.

ಎರಡನೆಯದು ಎರಡು ದಿನದ ಮೇಲೆ. ಅಂಗನವಾಡಿ ಟೀಚರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಬೈಯುವ ದನಿಯಲ್ಲೇನೂ ಅಲ್ಲ, ಮೆಲ್ಲಗೆ ಹೇಳಿದರು: "ನಿಮ್ಮ ಹುಡುಗಿ ಹತ್ತಕ್ಕ ಬರ್ತಾಳ, ಹನ್ನೊಂದಕ್ಕ ಮಲಗತಾಳ. ಹಾಡು, ಕತಿ ಒಂದೂ ಅಕೀಗೆ ಗೊತ್ತಿಲ್ಲ ನೋಡ್ರಿ. ಮನ್ಯಾಗ ನಿದ್ದಿ ಮಾಡೂದಿಲ್ಲೇನು?"

ಎಣ್ಣೆಯ ಹನಿಗಿಂತ ಇದು ಜಾಸ್ತಿ ಸುಟ್ಟಿತು.

ಅವತ್ತು ರಾತ್ರಿ ಮನೆಯಲ್ಲಿ ಮಾತು ಶುರುವಾಯಿತು. ಮುಗಿಯಲು ಮೂರು ತಿಂಗಳು ಬೇಕಾಯಿತು. ಮೊದಲು ಎಲ್ಲರೂ ಹೇಳುವ ಉಪಾಯ: ಅತ್ತೆ ಸಂಜೆ ಮಕ್ಕಳೊಂದಿಗೆ ಮನೆಯಲ್ಲಿರಲಿ. ಇದ್ದರು. ನಾನು ಒಗ್ಗರಣೆ ಹಾಕಿದೆ. ಗಿರಮಿಟ್ಟಿನ ಜೀವ ಇರುವುದು ಅದರ ಒಗ್ಗರಣೆಯಲ್ಲಿ. ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ, ಹುಣಸೆ ಹುಳಿ, ಚೂರು ಬೆಲ್ಲ ಸಣ್ಣ ಉರಿಯಲ್ಲಿ ಬೆಂದು ಎಣ್ಣೆ ಬಿಡಬೇಕು. ಅದನ್ನು ಚುರಮುರಿಗೆ ಕಲಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಅಳತೆ ಎಲ್ಲ ಬರೆದುಕೊಂಡಿದ್ದೆ. ಆದರೂ ನಾಲ್ಕನೇ ದಿನ ಒಬ್ಬ ಖಾಯಂ ಗಿರಾಕಿ, "ಅಜ್ಜಿಗೆ ಅರಾಮ ಇಲ್ಲೇನ್ರಿ?" ಎಂದು ಕೇಳಿಯೇಬಿಟ್ಟರು. ಅತ್ತೆ ಒಂದೇ ವಾರಕ್ಕೆ ವಾಪಸ್ ಗಾಡಿಗೆ ಬಂದರು. ಖುಷಿಯಾಗಿಯೇ ಬಂದರು ಅಂತ ನನ್ನ ಅನುಮಾನ.

ಮುಂದೆ ನಾನು ಮನೆಯಲ್ಲಿ ಉಳಿದೆ. ಕೆಲಸಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡೆವು. ಪಗಾರ ಕೊಟ್ಟ ಮೇಲೆ ಉಳಿಯುವುದು ಏನೂ ಇರಲಿಲ್ಲ. ಎರಡು ತಿಂಗಳಿಗೆ ಅವನೂ ಬಿಟ್ಟು ಹೋದ. ಮೂರು ವರ್ಷದ ಒಳಗಿನ ಕೂಸುಗಳನ್ನು ನೋಡಿಕೊಳ್ಳಲು ಸರ್ಕಾರ ಕೂಸಿನ ಮನೆ ಮಾಡಿದೆ ಅಂತ ಕೇಳಿ ವಿಚಾರಿಸಿದೆ. ಆಗ ಅದು ಇದ್ದದ್ದು ಗ್ರಾಮ ಪಂಚಾಯ್ತಿಗಳಿಗೆ, ನರೇಗಾ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗಾಗಿ. ನಾವಿರುವುದು ಮಹಾನಗರ ಪಾಲಿಕೆ. ಅದೂ ಅಲ್ಲದೆ ಅಂಥದ್ದು ಎಲ್ಲೇ ಇದ್ದರೂ ನಡೆಯುವುದು ಹಗಲು ಹೊತ್ತು. ಸಂಜೆ ಆರರಿಂದ ಒಂಬತ್ತು ಕೂಸನ್ನು ನೋಡಿಕೊಳ್ಳುತ್ತೇವೆ ಎನ್ನುವ ಜಾಗ ನಾನು ಕೇಳಿಲ್ಲ. ಹೋಟೆಲ್ಲು, ಗಾಡಿ, ಬಜಾರದವರ ಮಕ್ಕಳೆಲ್ಲ ಆ ಮೂರು ತಾಸು ಚೀಲದ ಮೇಲೆಯೇ ಬೆಳೆಯುತ್ತಾರೆ.

ಅಷ್ಟು ದಿನ ನಾವು ಮಕ್ಕಳನ್ನು ಎಲ್ಲಿ ಇಡಬೇಕು ಅಂತಲೇ ತಲೆ ಕೆಡಿಸಿಕೊಂಡಿದ್ದೆವು. ತೊಂದರೆ ಇದ್ದದ್ದು ಜಾಗದ್ದಲ್ಲ, ಹೊತ್ತಿನದು. ಇದು ನನಗೆ ಹೊಳೆದದ್ದು ಒಂದು ಮುಂಜಾನೆ, ಗಾಡಿಯಲ್ಲಿ ಮರೆತು ಬಂದಿದ್ದ ಮೊಬೈಲ್ ಚಾರ್ಜರ್ ತರಲು ಹೋದಾಗ. ಹಿಂದಿನ ರಾತ್ರಿ ಪಾನಿಪುರಿ ಅಣ್ಣನ ಗಾಡಿಗೆ ಸರಪಳಿ ಹಾಕಿ ನಮ್ಮದನ್ನೂ ಅಲ್ಲೇ ಬಿಟ್ಟಿದ್ದೆವು. ಆರು ಗಂಟೆ. ಕೆರೆಯ ಸುತ್ತ ಜನ! ಕಿವಿಗೆ ಮಫ್ಲರ್ ಸುತ್ತಿಕೊಂಡ ನಿವೃತ್ತ ಸಾಹೇಬರು, ಸೀರೆ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ಹೆಂಗಸರು, ಪೊಲೀಸ್ ಪರೀಕ್ಷೆಗೆ ಓಡುವ ಹುಡುಗರು. ಒಬ್ಬ ಅಜ್ಜಾರು ನಮ್ಮ ಗಾಡಿಯ ಮುಂದೆ ನಿಂತು, "ಚಹಾ ಇಲ್ಲೇನವಾ?" ಎಂದರು. ಇಲ್ಲರೀ ಅಂದೆ. ಮನೆಗೆ ಹೋಗುವವರೆಗೂ ಆ "ಇಲ್ಲರೀ" ತಲೆಯಲ್ಲಿ ಕೊರೆಯುತ್ತಿತ್ತು.

ನನ್ನ ಗಂಡ ಒಪ್ಪಲಿಲ್ಲ. "ಕೆರಿ ದಂಡಿ ಗಾಡಿ ಮುಂಜಾನೆ ತೆಗಿಯೂದಂದ್ರ ಗಣಪತಿ ಹಬ್ಬದಾಗ ಪಿಚಕಾರಿ ಮಾರಿದಂಗ" ಅಂದರು. ನಡೆಯಲು ಬರುವವರು ತಿನ್ನಲು ಬರುವವರಲ್ಲ, ಕಿಸೆಯಲ್ಲಿ ರೊಕ್ಕವೇ ಇಟ್ಟುಕೊಂಡಿರುವುದಿಲ್ಲ. ಸಂಜೆ ಜಾಗ ಬಿಟ್ಟರೆ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಅವರ ಮಾತು ತಪ್ಪೇನಲ್ಲ. ಮಾವ ಮಾತ್ರ ಒಂದೇ ಮಾತು ಹೇಳಿದರು: "ಹದಿನೈದು ದಿನ ಮಾಡಿ ನೋಡ್ರಿ. ಗಾಡಿಗೆ ಗಾಲಿ ಅದಾವು, ಬೇಕಾದ ಕಡೆ ಹೊರಳತೈತಿ."

ಮೊದಲ ವಾರ ಇಡ್ಲಿ ಮಾಡಿದೆ. ದೊಡ್ಡ ತಪ್ಪು. ಇಡ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ, ಇಲ್ಲಾಂದರೆ ಮೂಲೆಮೂಲೆಯ ಖಾನಾವಳಿಯಲ್ಲಿ ಇರುತ್ತದೆ. ದಿನಕ್ಕೆ 600 ರೂಪಾಯಿ ವ್ಯಾಪಾರ. ಸಂಜೆ ನಾವು 2,800 ಮಾಡುತ್ತಿದ್ದವರು. ಉಳಿದ ಇಡ್ಲಿಯನ್ನು ಮಧ್ಯಾಹ್ನ ಒಗ್ಗರಣೆ ಹಾಕಿ ನಾವೇ ತಿಂದೆವು, ರಾತ್ರಿ ಸಾರಿಗೆ ಹಾಕಿ ನಾವೇ ತಿಂದೆವು. ಸಣ್ಣಾಂವ ಇಡ್ಲಿ ಕಂಡರೆ ಬಾಯಿ ಮುಚ್ಚಿಕೊಳ್ಳತೊಡಗಿದ. ಎಂಟನೇ ದಿನ ಅತ್ತೆ ಹೇಳಿದ್ದು: "ಮನ್ಯಾಗ ಚುರಮುರಿ ಚೀಲ ಐತಿ, ಉಳ್ಳಾಗಡ್ಡಿ ಐತಿ, ಪುಟಾಣಿ ಹಿಟ್ಟು ಐತಿ. ಸುಸಲಾ ಮಾಡೂದ ಬಿಟ್ಟು ಇದೇನ್ ಅಕ್ಕಿ ನೆನಿಹಾಕ್ಕೋತ ಕುಂತಿ?"

ಗಿರಮಿಟ್ಟಿಗೂ ಸುಸಲಾಕ್ಕೂ ಸಾಮಾನು ಹೆಚ್ಚುಕಡಿಮೆ ಒಂದೇ. ಗಿರಮಿಟ್ಟಿನಲ್ಲಿ ಚುರಮುರಿ ಒಣಗಿದ್ದೇ ಇರಬೇಕು, ಸುಸಲಾಕ್ಕೆ ನೀರಲ್ಲಿ ನೆನೆಸಿ ಹಿಂಡಬೇಕು. ಆ ನೆನೆಸುವುದೇ ಕಲೆ. ಜಾಸ್ತಿಯಾದರೆ ಮುದ್ದೆ, ಕಡಿಮೆಯಾದರೆ ಹಲ್ಲಿಗೆ ಹತ್ತುತ್ತದೆ. ಬುಟ್ಟಿಯಲ್ಲಿ ಚುರಮುರಿ ತುಂಬಿ ನೀರಿಗೆ ಮುಳುಗಿಸಿ, ಹತ್ತು ಎಣಿಸಿ ಎತ್ತಬೇಕು. ರಜಾ ದಿನ ಬೇಗ ಎದ್ದರೆ ಎಣಿಸುವ ಕೆಲಸ ದೊಡ್ಡಾಕಿಯದು. ಒಂದು, ಎರಡು, ಮೂರು ಎಂದು ಗಂಟಲು ಹರಿಯುವಂತೆ ಎಣಿಸುತ್ತಿದ್ದಳು. ಏಳು ಅವಳಿಗೆ ಬಹಳ ದಿನ ಬರಲಿಲ್ಲ, ಆರು ಆದ ಮೇಲೆ ಸೀದಾ ಎಂಟು. ಅವಳು ಎಣಿಸಿದ ದಿನ ಸುಸಲಾ ಚೂರು ಬಿರುಸಾಗಿರುತ್ತಿತ್ತು. ಒಬ್ಬರು ಗಿರಾಕಿಗೆ ಅದೇ ಸೇರಿತು. "ರವಿವಾರದ ಸುಸಲಾ ಭಾರೀ ಇರತೈತ್ರಿ" ಎನ್ನುತ್ತಿದ್ದರು.

ಇನ್ನು ಮಿರ್ಚಿ. ವಾಕಿಂಗ್ ಮಾಡುವವರಿಗೆ ಎಣ್ಣೆ ಬೇಡ ಅಂದುಕೊಂಡು ಬಾಣಲೆಯನ್ನೇ ತಂದಿರಲಿಲ್ಲ. ಸುಸಲಾ ಮಾಡಿದ ಎರಡನೇ ದಿನವೇ ಕೆರೆಯನ್ನು ಬಿರಬಿರನೆ ನಡೆದು ಬೆವರಿಳಿಸಿಕೊಂಡು ಬಂದ ಸಾಹೇಬರೊಬ್ಬರು ತಟ್ಟೆ ನೋಡಿ, "ಮಿರ್ಚಿ ಇಲ್ಲದ ಸುಸಲಾ ಹೆಂಗ ತಿನ್ನೂದ್ರಿ?" ಎಂದರು. ಶುಗರ್ ಇದ್ದವರಿಗೆಂದು ರಾಗಿ ಅಂಬಲಿಯನ್ನೂ ಇಟ್ಟೆ. ಅದೂ ಹೋಗುತ್ತದೆ. ಒಂದು ಕೈಯಲ್ಲಿ ಅಂಬಲಿ, ಒಂದು ಕೈಯಲ್ಲಿ ಮಿರ್ಚಿ ಹಿಡಿದು ನಿಲ್ಲುವವರೂ ಇದ್ದಾರೆ. ನಮ್ಮ ಕಡೆಯ ಜನ ಆರೋಗ್ಯವನ್ನೂ ಬಿಡುವುದಿಲ್ಲ, ಮಿರ್ಚಿಯನ್ನೂ ಬಿಡುವುದಿಲ್ಲ.

ಚಹಾಕ್ಕೆ ದೊಡ್ಡ ಪಾತ್ರೆ, ಎರಡನೇ ಒಲೆ, ಮಳೆಗೆ ತಾಡಪತ್ರಿ ಬೇಕಿತ್ತು. ಮಾವನ ಹೆಸರಲ್ಲಿ ಪಾಲಿಕೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ ಇತ್ತು. ಅದರ ಮೇಲೆ 2021ರಲ್ಲಿ ಪಿಎಂ ಸ್ವನಿಧಿ ಯೋಜನೆಯಲ್ಲಿ 10,000 ರೂಪಾಯಿ ಸಾಲ ತೆಗೆದು ವರ್ಷದೊಳಗೆ ತೀರಿಸಿದ್ದರು. ಹಾಗೆ ತೀರಿಸಿದವರಿಗೆ ಎರಡನೇ ಸಲ 20,000 ಸಿಗುತ್ತಿತ್ತು. ಕಂತು ಸರಿಯಾಗಿ ಕಟ್ಟಿದರೆ ಶೇಕಡಾ 7 ಬಡ್ಡಿ ಸಹಾಯಧನ ಖಾತೆಗೇ ಬರುತ್ತದೆ. ಬರೆಯಲು ಸಲೀಸು. ಬ್ಯಾಂಕಿಗೆ ನಾನು ಐದು ಸಲ ಹೋದೆ. ಆಧಾರ್‌ನಲ್ಲಿ ಮಾವನ ಅಡ್ಡಹೆಸರು ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ. ಸಣ್ಣಾಂವ ಸರದಿಯಲ್ಲಿ ಗೆಜ್ಜೆ ಕುಣಿಸುತ್ತಾ ಓಡಾಡುತ್ತಿದ್ದ. ಮೂರನೇ ಸಲಕ್ಕೆ ಕೌಂಟರಿನವರು ಅವನ ಸಪ್ಪಳ ಕೇಳಿಯೇ, "ಬಂದ್ರೇನವಾ" ಎನ್ನುತ್ತಿದ್ದರು. ಐದನೇ ಸಲಕ್ಕೆ ಕೆಲಸ ಆಯಿತು. ಗೆಜ್ಜೆಯಿಂದಲೇ ಆಯಿತು ಎಂದು ಅತ್ತೆ ಇವತ್ತಿಗೂ ವಾದಿಸುತ್ತಾರೆ.

ಆಹಾರ ಸುರಕ್ಷತೆಯ ಎಫ್ಎಸ್ಎಸ್ಎಐ ನೋಂದಣಿಯನ್ನೂ ಆಗಲೇ ಮಾಡಿಸಿದೆ. ನಮ್ಮಂಥ ಸಣ್ಣ ಗಾಡಿಗಳಿಗೆ ಆಗ ಬೇಕಿದ್ದದ್ದು ವರ್ಷಕ್ಕೆ 100 ರೂಪಾಯಿ ಫೀಸು, ಫೋಟೊ, ಗುರುತಿನ ಚೀಟಿ, ಅಷ್ಟೇ. 14 ಅಂಕಿಯ ನಂಬರು ಬಂತು. ಅಪ್ಲಿಕೇಶನ್ ತುಂಬಿದ ಹುಡುಗ ನಮ್ಮ ಗಾಡಿಯ ಫೋಟೊ ನೋಡಿ, "ಅಕ್ಕಾರ, ಮಿರ್ಚಿ ಪೇಪರ್‌ನ್ಯಾಗ ಕೊಡಬ್ಯಾಡ್ರಿ, ಅದರ ಇಂಕು ಹೊಟ್ಟಿಗೆ ಹೊಕ್ಕೈತಿ" ಅಂದ. ಅದೇ ಪೇಪರಿನಲ್ಲಿ ನನ್ನ ಮಕ್ಕಳೂ ವರ್ಷಗಟ್ಟಲೆ ತಿಂದಿದ್ದರು. ಅಂದಿನಿಂದ ಎಲೆಯ ದೊನ್ನೆ.

ಮುಂಜಾನೆಯ ದಿನಚರಿ ಹೀಗೆ ಕೂತಿತು. ನಾಲ್ಕೂವರೆಗೆ ನಾವಿಬ್ಬರೂ ಏಳುತ್ತೇವೆ. ಐದೂಮುಕ್ಕಾಲಿಗೆ ಗಾಡಿ ಕೆರೆಯ ಹತ್ತಿರ. ಸುಸಲಾದ ಒಗ್ಗರಣೆ ನನ್ನ ಕೈಗೂ ಬರುತ್ತದೆ, ಅದಕ್ಕೆ ಅತ್ತೆ ಬೇಕಾಗಿಲ್ಲ. ಹಾಗಾಗಿ ಅವರು ಮಕ್ಕಳೊಂದಿಗೆ ಮನೆಯಲ್ಲಿ. ಮಕ್ಕಳು ಏಳುವ ಹೊತ್ತಿಗೆ ಅರ್ಧ ವ್ಯಾಪಾರ ಮುಗಿದಿರುತ್ತದೆ. ಏಳೂವರೆಗೆ ಅಜ್ಜಿಯ ಕೈ ಹಿಡಿದುಕೊಂಡು ಬರುತ್ತಾರೆ. ಸೋಮವಾರ ಮಾತ್ರ ತಡ, ಚಂದ್ರಮೌಳೇಶ್ವರ ಗುಡಿಗೆ ಹೋಗಿ ಬರಬೇಕು. ಚಾಲುಕ್ಯರ ಕಾಲದ ಗುಡಿ, ನಾಲ್ಕೂ ದಿಕ್ಕಿಗೆ ಬಾಗಿಲು. ಇಬ್ಬರೂ ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುವ ಆಟ ಆಡಿ ಮುಗಿಸದೆ ಅಜ್ಜಿಗೆ ಬಿಡುಗಡೆ ಇಲ್ಲ. ಒಂಬತ್ತೂಕಾಲಿಗೆ ಒಲೆ ಆರಿಸುತ್ತೇವೆ. ಅಂಗನವಾಡಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಾರೆ. ಸಂಜೆ ಏಳಕ್ಕೆ ಊಟ. ರೊಟ್ಟಿ, ಪಲ್ಯ, ಅನ್ನ. ಎಂಟೂವರೆಗೆ ನಿದ್ದೆ. ಮೊದಲ ಸಲ ಎಂಟೂವರೆಗೆ ಮನೆ ಶಾಂತವಾದಾಗ ನಾನೂ ನನ್ನ ಗಂಡನೂ ಏನು ಮಾಡಬೇಕು ಅಂತ ತಿಳಿಯದೆ ಸುಮ್ನೆ ಕೂತಿದ್ದೆವು.

ರೊಕ್ಕದ ಮಾತು ಮುಚ್ಚಿಡುವುದಿಲ್ಲ. ಮೊದಲ ಎರಡು ತಿಂಗಳು ಕೈ ಕಚ್ಚಿತು. ದೀಪಾವಳಿ ಹೊತ್ತಿಗೆ ಮುಂಜಾನೆ ವ್ಯಾಪಾರ 1,900ಕ್ಕೆ ಬಂದು ನಿಂತಿತು, ಸಂಜೆಯ 2,800 ಮುಟ್ಟಲೇ ಇಲ್ಲ. ಆದರೆ ಎಣ್ಣೆ ಅರ್ಧಕ್ಕರ್ಧ ಉಳಿಯಿತು. 19 ಕೆಜಿಯ ಸಿಲಿಂಡರ್ ಒಂಬತ್ತು ದಿನಕ್ಕೆ ಖಾಲಿಯಾಗುತ್ತಿದ್ದದ್ದು ಹದಿಮೂರು ದಿನ ಬರತೊಡಗಿತು. ಉಳಿದ ಕೊರತೆ ತುಂಬಲು ಶನಿವಾರ, ರವಿವಾರ ಸಂಜೆಯೂ ಗಾಡಿ ಹಚ್ಚುತ್ತೇವೆ. ಆ ಎರಡು ಸಂಜೆ ಮಾವ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಉಳಿದ ಐದು ಸಂಜೆ ನಮ್ಮ ಜಾಗ ಕಾಯುವುದು ಪಾನಿಪುರಿ ಅಣ್ಣ. ತನ್ನ ಸ್ಟೂಲುಗಳನ್ನು ನಮ್ಮ ಜಾಗದ ತನಕ ಹರಡಿಕೊಂಡು ಕಾಯುತ್ತಾನೆ. ಅವನಿಗೂ ಲಾಭ, ನಮಗೂ ಲಾಭ. ಉಣಕಲ್‌ನ ಸಿದ್ದಪ್ಪಜ್ಜನ ಜಾತ್ರೆ ಬಂದರೆ ಮಾತ್ರ ಹೊತ್ತು ಗೊತ್ತು ಏನೂ ಇಲ್ಲ, ಮನೆಮಂದಿಯೆಲ್ಲ ಗಾಡಿಯ ಮೇಲೆ.

ಮುಂಜಾನೆ ಅಂದರೆ ಎಲ್ಲ ಸುಖ ಅಂತಲೂ ಅಲ್ಲ. ಡಿಸೆಂಬರ್‌ನಲ್ಲಿ ಕೆರೆಯ ಮೇಲಿಂದ ಬೀಸುವ ಗಾಳಿಗೆ ಒಲೆ ಆರುತ್ತದೆ, ತಗಡು ಅಡ್ಡ ಇಡಬೇಕು. ಮಳೆಗಾಲದಲ್ಲಿ ಚುರಮುರಿ ಮೆತ್ತಗಾಗುತ್ತದೆ, ಮುಚ್ಚಳದ ಡಬ್ಬಿ ಇಲ್ಲದಿದ್ದರೆ ಚೀಲ ಹೋಯಿತು ಅಂತಲೇ ಲೆಕ್ಕ. ಅಂತರಗಂಗೆ ಬೆಳೆದು ನಾರುವ ದಿನಗಳಲ್ಲಿ ನಡೆಯುವವರೇ ಮೂಗು ಮುಚ್ಚಿಕೊಂಡು ಬೇಗ ದಾಟಿ ಹೋಗುತ್ತಾರೆ.

2024ರ ಮಳೆಗಾಲದಲ್ಲಿ ಡೆಂಗಿ ಜೋರಿತ್ತು. ನಾನು ದಿನಾ ಕೆರೆಗೆ ಬೈಯುತ್ತಿದ್ದೆ, ಈ ಹೊಲಸು ನೀರಿಂದಲೇ ಸೊಳ್ಳೆ ಅಂತ. ಆಶಾ ಕಾರ್ಯಕರ್ತೆ ಸರ್ವೆಗೆ ಬಂದವರು ಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ನಮ್ಮ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಒಳಗೆ ಸಣ್ಣ ಹುಳುಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ಡೆಂಗಿ ತರುವ ಸೊಳ್ಳೆಗೆ ತುಂಬಿಟ್ಟ ಚೊಕ್ಕ ನೀರೇ ಬೇಕು, ಅದು ಕಚ್ಚುವುದೂ ಹಗಲು ಹೊತ್ತಿನಲ್ಲಿ, ಅದರಲ್ಲೂ ಮುಂಜಾನೆ ಮತ್ತು ಸಂಜೆ ಮುಂದೆ. ಅಂದರೆ ನಮ್ಮ ವ್ಯಾಪಾರದ ಹೊತ್ತಿಗೇ. ಈಗ ವಾರಕ್ಕೊಮ್ಮೆ, ಶುಕ್ರವಾರ, ಡ್ರಮ್ಮು ಬರಿದು ಮಾಡಿ ಗೋಡೆಗೆಲ್ಲ ಬ್ರಶ್ ಹಾಕಿ ತಿಕ್ಕುತ್ತೇವೆ. ಒಳಗಿಳಿದು ತಿಕ್ಕಲು ಸಣ್ಣಾಂವ ಒಂದು ಕಾಲಲ್ಲಿ ನಿಂತಿರುತ್ತಾನೆ. ಬಿಡುವುದಿಲ್ಲ.

ಗೆಜ್ಜೆ ಈಗ ಇಲ್ಲ. ಮೂರು ತುಂಬಿದ ಮೇಲೆ "ನಾ ಏನ್ ಹುಡುಗೀನು?" ಎಂದು ತಾನೇ ಬಿಚ್ಚಿ ಕೊಟ್ಟ. ಗೆಜ್ಜೆ ಬಿಟ್ಟರೂ ನಮ್ಮ ಕಿವಿ ಬಿಟ್ಟಿಲ್ಲ. ಎಲ್ಲೋ ಸಪ್ಪಳ ನಿಂತಂತೆ ಅನಿಸಿ ಈಗಲೂ ತಲೆ ಎತ್ತುತ್ತೇನೆ.

ಎಲ್ಲ ಕೂತಿತು ಅನ್ನುವಷ್ಟರಲ್ಲಿ 2025ರ ಜೂನ್ ಬಂತು. ದೊಡ್ಡಾಕಿ ಒಂದನೇ ಇಯತ್ತೆ. ಶಾಲೆಯ ವ್ಯಾನ್ ಬರುವುದು ಎಂಟೂಕಾಲಿಗೆ. ಎಂಟೂಕಾಲು ಅಂದರೆ ನಮ್ಮ ಸುಸಲಾದ ರಶ್ಶು. ನನ್ನ ಗಂಡ ನನ್ನ ಮುಖ ನೋಡಿ, "ಈಗ ಮಧ್ಯಾಹ್ನಕ್ಕ ಹೊರಳಸೂನೇನು?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ವ್ಯಾನಿನವನಿಗೆ ಹೇಳಿ ಹತ್ತುವ ಜಾಗವನ್ನು ಮನೆಯಿಂದ ಕೆರೆಯ ಹತ್ತಿರಕ್ಕೆ ಬದಲಾಯಿಸಿಕೊಂಡೆವು. ಈಗ ಅವಳು ಏಳೂವರೆಗೆ ಯೂನಿಫಾರ್ಮ್ ಹಾಕಿಕೊಂಡೇ ಗಾಡಿಗೆ ಬರುತ್ತಾಳೆ. ತಲೆ ಮಾತ್ರ ಕೆದರಿರುತ್ತದೆ. ಅಜ್ಜಿಯ ಕೈಗೆ ಬಾಚಣಿಕೆ ಕೊಟ್ಟರೆ ಒಂದೇ ಸಮ ಚೀರುತ್ತಾಳೆ, ನನ್ನ ಕೈ ತುಂಬ ಪುಟಾಣಿ ಹಿಟ್ಟು. ದಿನಾ ನಡೆಯಲು ಬರುವ ಒಬ್ಬ ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಟೀಚರು, ಇದ್ದಾರೆ. ಎರಡನೇ ದಿನವೋ ಮೂರನೇ ದಿನವೋ ಅವರು ಸುಸಲಾಕ್ಕೆ ಕಾಯುತ್ತಾ ನಿಂತವರು, "ಬಾ ಇಲ್ಲೆ" ಎಂದು ಅವಳನ್ನು ಕ್ರೇಟಿನ ಮೇಲೆ ಕೂರಿಸಿಕೊಂಡರು. ಎರಡು ಜಡೆ, ಕೆಂಪು ರಿಬ್ಬನ್, ಮಡಚಿ ಕಟ್ಟುವ ಹಳೇ ಕಾಲದ ಥರ. ಇವಳು ಮಿಸುಕಾಡಲಿಲ್ಲ, ಚೀರಲೂ ಇಲ್ಲ.

ಈಗ ಅದು ದಿನದ ಪದ್ಧತಿ. ಅಕ್ಕೋರ ಸುಸಲಾ ಆರುವುದರೊಳಗೆ ಜಡೆ ಮುಗಿಯಬೇಕು, ಹಾಗಾಗಿ ಬಲಗಡೆಯದು ಬಿಗಿ, ಎಡಗಡೆಯದು ಯಾವಾಗಲೂ ಚೂರು ಸಡಿಲ. ರೊಕ್ಕ ತೆಗೆದುಕೊಳ್ಳಲು ನಾನು ಒಪ್ಪುವುದಿಲ್ಲ, ಅವರು ಬಿಡುವುದಿಲ್ಲ. ಕೊನೆಗೆ ಒಂದು ಮಿರ್ಚಿ ಜಾಸ್ತಿ ಇಡುತ್ತೇನೆ, ಅವರು ನೋಡದಂತೆ.